ತಡವಾಗಿ ಎದ್ದ ಅಲೆ

ಮಾರ್ಚ್ 4

ಅಕ್ಕಾ,

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದರೆ ನೀನು ನಂಬುವವಳಲ್ಲ. ಹಾಗಾಗಿ ಆ ಸಾಲು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಫೋನ್ ಬಿಟ್ಟು ಕಾಗದ ಯಾಕೆ ಬರೆದ ಎಂದು ಹುಬ್ಬು ಗಂಟು ಹಾಕಿಕೊಳ್ಳಬೇಡ. ಫೋನಿನಲ್ಲಿ ನೀನು ಉಸಿರು ಬಿಡದೆ ಮಾತಾಡುತ್ತೀಯ, ನನ್ನ ಸರದಿ ಬರುವುದೇ ಇಲ್ಲ. ಕಾಗದವಾದರೆ ನಿನ್ನನ್ನು ಅರ್ಧಕ್ಕೆ ನಿಲ್ಲಿಸಿ ಚಹಾ ಕುಡಿದು ಬರಬಹುದು.

ಕಬ್ಬಿಣದ ಯಾರ್ಡಿನಲ್ಲಿ ನನ್ನನ್ನು ಇನ್ನೂ ಕೆಳಗೇ ಇಟ್ಟಿದ್ದಾರೆ. ಹೋದ ವರ್ಷ ಎಡಗಣ್ಣು ಮಂಜಾಗಿ, ಕಾಲು ಜೋಮು ಹಿಡಿದು, ನಿಮ್ಮ ಆಸ್ಪತ್ರೆಯವರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರಿಟ್ಟು ಕಳಿಸಿದರಲ್ಲ, ಅಂದಿನಿಂದ ನನ್ನ ಕ್ರೇನಿನಲ್ಲಿ ಬೇರೆಯವನು ಕೂತಿದ್ದಾನೆ. ನನ್ನ ಕಣ್ಣು ಸರಿಹೋಯಿತು, ಕಾಲೂ ಸರಿಹೋಯಿತು, ಅವನು ಮಾತ್ರ ಇಳಿಯಲಿಲ್ಲ. ನಾನು ಗೇಟಿನ ಬಳಿ ಕೂತು ಲಾರಿಗಳ ಚೀಟಿಗೆ ಮೊಹರು ಒತ್ತುತ್ತೇನೆ. ಇಷ್ಟು ವರ್ಷ ಎಲ್ಲರ ನೆತ್ತಿ ನೋಡಿದವನು ಈಗ ಎಲ್ಲರ ಬೆಲ್ಟು ನೋಡುತ್ತಿದ್ದೇನೆ. ಯಾರ್ಡಿನವರು ಈಗಲೂ ನನ್ನನ್ನು ‘ಮೇಲಿನವನು’ ಎಂದೇ ಕರೆಯುತ್ತಾರೆ, ಆದರೆ ನಗುತ್ತಾ ಕರೆಯುತ್ತಾರೆ.

ಮೊನ್ನೆ ಸೂಪರ್‌ವೈಸರ್ ಬಳಿ ಹೋಗಿ ಕೇಳಿದೆ. ಕೈಕಾಲು, ಕಣ್ಣು ಸರಿ ಇದೆ ಎನ್ನುವುದಕ್ಕೆ ಸರ್ಟಿಫಿಕೇಟು ಸಿಕ್ಕಿದೆಯಂತೆ. ಈ ಕಾಯಿಲೆಯಲ್ಲಿ ಕೆಲವರಿಗೆ ತಲೆಯೂ ನಿಧಾನವಾಗುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದಾರೆ. ಅದರ ಪರೀಕ್ಷೆ ಮಾಡಿಸಿ ಬರೆಸಿಕೊಂಡು ಬಾ ಎಂದರು. ಬೇಸಿಗೆ ಮುಗಿಯುವುದರೊಳಗೆ ತರದಿದ್ದರೆ ಕ್ರೇನು ಅವನದೇ ಖಾಯಂ.

ನೀನು ದಿನ ಬೆಳಗಾದರೆ ಜನರ ತಲೆಗೆ ತಂತಿ ಅಂಟಿಸುವವಳು. ಈ ತಲೆ ಪರೀಕ್ಷೆ ಅಂದರೆ ಏನು, ಏನು ಕೇಳುತ್ತಾರೆ, ಸ್ವಲ್ಪ ಬರೆ. ನನಗೆ ಆ ಸೀಟು ಬೇಕು ಅಕ್ಕಾ. ಇಲ್ಲಿ ಕೆಳಗೆ ಕೂತರೆ ನಾನು ರೋಗಿ. ಮೇಲೆ ಕೂತರೆ ನಾನು ನಾನೇ.

ಸದ್ಯಕ್ಕೆ ಕೆಳಗಿರುವ,
ನಿನ್ನ ತಮ್ಮ

ಮಾರ್ಚ್ 11

ತಮ್ಮಾ,

ಕಾಗದ ನೋಡಿ ಮೊದಲು ಹೆದರಿದೆ, ಆಮೇಲೆ ನಕ್ಕೆ. ನನ್ನ ಬಾಯಿಯ ಮೇಲೆ ದೂರು ಹೇಳುವುದಕ್ಕೆ ಅಂಚೆ ಖರ್ಚು ಬೇರೆ ಮಾಡಿದ್ದೀಯ.

ಸೂಪರ್‌ವೈಸರ್ ಹೇಳಿದ್ದು ಸುಳ್ಳಲ್ಲ. ನರ ಎಂದರೆ ವೈರು ಎಂದುಕೋ. ಈ ಕಾಯಿಲೆಯಲ್ಲಿ ವೈರಿನ ಮೇಲಿನ ರಬ್ಬರು ಅಲ್ಲಲ್ಲಿ ಸವೆಯುತ್ತದೆ. ಕಣ್ಣಿನ ವೈರಾದರೆ ಕಣ್ಣು ಮಂಜು, ಕಾಲಿನದಾದರೆ ಜೋಮು. ಮಿದುಳಿನ ಒಳಗೊಳಗೇ ಸವೆದರೆ ಬುದ್ಧಿ ಹೋಗುವುದಿಲ್ಲ, ಆದರೆ ಕೇಳಿದ್ದನ್ನು ಹಿಡಿದು ಉತ್ತರ ಕೊಡುವ ವೇಗ ಕುಂದಬಹುದು. ಎಲ್ಲರಿಗೂ ಹಾಗಾಗುವುದಿಲ್ಲ. ನಿನಗೆ ಆಗಿಲ್ಲ ಎಂದೇ ನನ್ನ ನಂಬಿಕೆ, ಚಿಕ್ಕಂದಿನಲ್ಲಿ ನನ್ನ ಕೈಯಿಂದ ತಿಂಡಿ ಕಿತ್ತುಕೊಂಡು ಓಡಿದ ವೇಗ ನನಗಿನ್ನೂ ನೆನಪಿದೆ.

ಪರೀಕ್ಷೆ ಸುಲಭದ್ದೇ. ಒಂದು ಹಾಳೆಯ ಮೇಲ್ಗಡೆ ಒಂಬತ್ತು ಗುರುತುಗಳು, ಒಂದೊಂದಕ್ಕೂ ಒಂದು ಅಂಕಿ. ಕೆಳಗೆ ಬರೀ ಗುರುತುಗಳ ಸಾಲು. ಮೇಲೆ ನೋಡಿಕೊಂಡು ಕೆಳಗೆ ಅಂಕಿ ತುಂಬುತ್ತಾ ಹೋಗಬೇಕು, ಗಡಿಯಾರ ನೋಡುತ್ತಾ ಪಕ್ಕದಲ್ಲಿ ಒಬ್ಬರು ಕೂತಿರುತ್ತಾರೆ. ಎಷ್ಟು ತುಂಬುತ್ತೀಯ ಎನ್ನುವುದೇ ಲೆಕ್ಕ. ಗೊತ್ತಿದ್ದವರೂ ಗಡಿಯಾರ ನೋಡಿ ಗಾಬರಿಯಾಗಿ ತಪ್ಪುತ್ತಾರೆ. ನೀನಂತೂ ಶಾಲೆಯಲ್ಲಿ ಪರೀಕ್ಷೆ ಎಂದರೆ ಜ್ವರ ಬರಿಸಿಕೊಳ್ಳುತ್ತಿದ್ದವನು.

ಅದಕ್ಕೇ ಇದರ ಜೊತೆ ಕೆಲವು ಹಾಳೆ ಇಟ್ಟಿದ್ದೇನೆ, ನಮ್ಮ ಕಪಾಟಿನವೇ. ಮನೆಯಲ್ಲಿ ಕೂತು ನಾಲ್ಕು ಸಲ ಮಾಡು, ಭಯ ಬಿಡುತ್ತದೆ. ಯಾರಿಗೂ ತೋರಿಸಬೇಡ. ಇದನ್ನು ಹೊರಗೆ ಕೊಡುವ ಹಾಗಿಲ್ಲ.

ಏಪ್ರಿಲ್ ಮೊದಲ ವಾರಕ್ಕೆ ದೊಡ್ಡ ಡಾಕ್ಟರ ಹತ್ತಿರ ಸಮಯ ಹಿಡಿದಿದ್ದೇನೆ. ನಮ್ಮ ಮನೆಯಲ್ಲೇ ಉಳಿದುಕೋ.

ನಿನ್ನ ಅಕ್ಕ

ಏಪ್ರಿಲ್ 9

ಅಕ್ಕಾ,

ಬಸ್ಸು ಇಳಿದವನು ಮನೆಗೂ ಹೋಗದೆ ಯಾರ್ಡಿಗೆ ಹೋಗಿ ಸರ್ಟಿಫಿಕೇಟು ಮೇಜಿನ ಮೇಲೆ ಇಟ್ಟೆ. ಸೂಪರ್‌ವೈಸರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಹಾಗಾದ್ರೆ ಸೋಮವಾರದಿಂದ ಹತ್ತು,” ಅಂದರು. ಅಷ್ಟೇ ಮಾತು. ನನಗೆ ಅಳು ಬಂತು. ಗೇಟಿನ ಮೊಹರನ್ನು ಡ್ರಾಯರಿನಲ್ಲಿ ಹಾಕಿ ಬೀಗ ಜಡಿದು ಬಂದೆ.

ನಿಮ್ಮ ದೊಡ್ಡ ಡಾಕ್ಟರಮ್ಮ ನಾನು ಹಾಳೆ ತುಂಬುವುದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರಲ್ಲ, ಕಂಡೆಯಾ? ಅಷ್ಟು ಬೇಗ ತುಂಬಿದವರು ಈ ವರ್ಷ ಇಲ್ಲವಂತೆ. ಮನೆಯಲ್ಲಿ ನನ್ನವಳು ಅಡುಗೆಮನೆಯ ಗಡಿಯಾರ ಹಿಡಿದು ಎದುರು ಕೂತು ಅಭ್ಯಾಸ ಮಾಡಿಸಿದ್ದು ಸಾರ್ಥಕವಾಯಿತು.

ಆದರೆ ನಿನ್ನ ಕತ್ತಲೆ ಕೋಣೆಯ ಕೆಲಸ ನನಗೆ ಹಿಡಿಸಲಿಲ್ಲ ಬಿಡು. ತಲೆಗೆ ಟೊಪ್ಪಿ, ಟೊಪ್ಪಿಗೆ ತಂತಿ, ಒಳಗೆಲ್ಲ ಅಂಟು. ಕಿವಿಯಲ್ಲಿ ಟೂ ಟೂ ಎಂದು ಒಂದೇ ದನಿ, ಮಧ್ಯೆ ಎಲ್ಲೋ ಒಂದು ಟೀ. ಟೀ ಬಂದಾಗ ಗುಂಡಿ ಒತ್ತು ಎಂದೆ, ಒತ್ತಿದೆ. ಒಂದೂ ಬಿಟ್ಟಿಲ್ಲ ಎಂದು ನೀನೇ ಹೇಳಿದೆ. ಮತ್ತೆ ಯಾಕೆ ಕಂಪ್ಯೂಟರಿನ ಮುಂದೆ ಅಷ್ಟು ಹೊತ್ತು ಬಾಯಿ ಬಿಗಿದು ಕೂತಿದ್ದೆ? ನಿನ್ನ ಬಾಯಿ ಮುಚ್ಚಿದ್ದು ನೋಡಿದ್ದು ಅದೇ ಮೊದಲು. ತಲೆಯ ಅಂಟು ಮೂರು ಸಲ ತೊಳೆದರೂ ಹೋಗಿಲ್ಲ. ಭಾವಮೈದ ನನ್ನ ಕೂದಲು ಮುಟ್ಟಿ ನೋಡಿ, ಭಾವ ಮದುವೆಗಂಡಿನ ಹಾಗೆ ಕಾಣುತ್ತಾರೆ ಎಂದು ಯಾರ್ಡಿಗೆಲ್ಲ ಸಾರಿಬಂದ.

ಅವನೇ ನನಗೆ ಕೆಳಗಿನಿಂದ ಸಿಗ್ನಲ್ ಕೊಡುವವನು, ನಿನಗೆ ಗೊತ್ತಲ್ಲ, ಸಿಳ್ಳೆ ಎಂದು ಕರೆಯುತ್ತೇವೆ. ನಾವಿಬ್ಬರೂ ಮತ್ತೆ ಜೋಡಿ.

ಸೋಮವಾರದಿಂದ ಮೇಲಿರುವ,
ನಿನ್ನ ತಮ್ಮ

ಏಪ್ರಿಲ್ 12

ತಮ್ಮಾ,

ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಫೋನ್ ಮಾಡಿದೆ, ನೀನು ಎತ್ತಲಿಲ್ಲ.

ಟೀ ಎನ್ನುವ ದನಿ ಬಂದಾಗ ಮಿದುಳಿನಲ್ಲಿ ಒಂದು ಅಲೆ ಏಳುತ್ತದೆ. ‘ಇದು ಬೇರೆ ದನಿ’ ಎಂದು ಒಳಗೆ ಗುರುತು ಸಿಕ್ಕಿದ ಅಲೆ ಅದು. ಗುಂಡಿ ಒತ್ತಿದೆಯೋ ಇಲ್ಲವೋ ನಾನು ನೋಡುವುದಿಲ್ಲ, ಆ ಅಲೆ ಯಾವಾಗ ಏಳುತ್ತದೆ ಎಂದು ನೋಡುತ್ತೇನೆ. ನಿನ್ನದು ತಡವಾಗಿ ಎದ್ದಿತು. ನಿನ್ನ ವಯಸ್ಸಿನ ಆರೋಗ್ಯವಂತರಿಗಿಂತ ತುಂಬ ತಡವಾಗಿ, ಗಿಡ್ಡವಾಗಿ. ತಂತಿ ಸಡಿಲವಾಗಿದೆಯೋ ಎಂದು ಮತ್ತೆ ಒತ್ತಿ ನೋಡಿದೆ. ನಿನ್ನ ಹಣೆ ಒರೆಸುವ ನೆಪದಲ್ಲಿ ಇನ್ನೊಮ್ಮೆ ಮಾಡಿದೆ. ಹಾಗೇ ಬಂತು.

ದೊಡ್ಡ ಡಾಕ್ಟರಿಗೆ ತೋರಿಸಿದೆ. ಅವರು ಇದೊಂದನ್ನೇ ಹಿಡಿದು ಏನೂ ಹೇಳಲಾಗದು ಎಂದರು. ಇದು ಸಂಶೋಧನೆಗೆ ಮಾಡುತ್ತಿರುವ ಅಳತೆ, ನಿದ್ದೆಗೆಟ್ಟರೂ ಅಲೆ ತಡವಾಗುತ್ತದೆ, ಹಾಳೆಯ ಪರೀಕ್ಷೆಯಲ್ಲಿ ಅಷ್ಟು ಚೆನ್ನಾಗಿ ಮಾಡಿದ್ದಾರಲ್ಲ, ಆರು ತಿಂಗಳಿಗೆ ಮತ್ತೆ ನೋಡೋಣ ಎಂದರು. ಅವರು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಆದರೆ ನೀನು ಮನೆಯಲ್ಲಿ ಅದೇ ಹಾಳೆ ಮಾಡಿ ಬಂದಿದ್ದೀಯ ಎನ್ನುವುದು ಅವರಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ. ಹೇಳಬೇಕು ಎಂದು ಬಾಗಿಲವರೆಗೆ ಹೋಗಿ ವಾಪಸು ಬಂದೆ.

ಆ ಕೋಣೆಯಲ್ಲಿ ಫ್ಯಾನು ತಣ್ಣಗೆ ತಿರುಗುತ್ತಿತ್ತು, ಒಂದೇ ದನಿ, ಒಂದೇ ಕೆಲಸ. ಅಲ್ಲೇ ತಡವಾದರೆ ಬಿಸಿಲಿಗೆ ಕಾದ ಕ್ಯಾಬಿನ್ನಿನಲ್ಲಿ ಎರಡೆರಡು ದನಿ ಒಟ್ಟಿಗೆ ಬಂದಾಗ ಏನಾಗುತ್ತದೆ? ಈ ಕಾಯಿಲೆಯವರಿಗೆ ಮೈ ಬಿಸಿಯಾದರೆ ನರ ಇನ್ನೂ ನಿಧಾನವಾಗುತ್ತದೆ.

ಹತ್ತಬೇಡ. ಏನಾದರೂ ನೆಪ ಹೇಳಿ ಸ್ವಲ್ಪ ದಿನ ತಳ್ಳು.

ಅಕ್ಕ

ಏಪ್ರಿಲ್ 24

ಅಕ್ಕಾ,

ನಿನ್ನ ಕಾಗದ ಬಂದಾಗ ನಾನಾಗಲೇ ಹತ್ತಿ ಮೂರು ದಿನವಾಗಿತ್ತು. ಮೇಲೆ ಕೂತು ಓದಿದೆ, ಊಟದ ಹೊತ್ತಿನಲ್ಲಿ.

ನನಗೆ ಬೇಕಾಗಿದ್ದು ಅಕ್ಕ, ಕಂಪ್ಯೂಟರ್ ಅಲ್ಲ. ಹಾಳೆ ಕೊಟ್ಟವಳೂ ನೀನು, ಅದರ ಮೇಲೆ ಕಲ್ಲು ಹಾಕುತ್ತಿರುವವಳೂ ನೀನು. ಮಗುವನ್ನೂ ಚಿವುಟಿ ತೊಟ್ಟಿಲೂ ತೂಗುವುದು ಅಂದರೆ ಇದೇ. ಡಾಕ್ಟರೇ ಏನಿಲ್ಲ ಎಂದಿದ್ದಾರಂತೆ, ನೀನೇ ಬರೆದಿದ್ದೀಯ. ತಂತಿ ಅಂಟಿಸುವವಳಿಗೆ ಡಾಕ್ಟರಿಗಿಂತ ಹೆಚ್ಚು ಗೊತ್ತೋ?

ಇಲ್ಲಿ ಕೂತರೆ ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ. ಕಬ್ಬಿಣದ ಹಲಗೆ ಲಾರಿಯಿಂದ ಎದ್ದಾಗ ಒಮ್ಮೆ ತೂಗಾಡುತ್ತದೆ. ಕಣ್ಣಿಗೆ ಕಾಣುವ ಮೊದಲೇ ಅದು ಕೂತ ಜಾಗಕ್ಕೆ ತಿಳಿಯುತ್ತದೆ. ಲಿವರನ್ನು ಒಂದು ಕೂದಲಿನಷ್ಟು ವಾಲಿಸಿದರೆ ಸಾಕು, ಅಷ್ಟು ದೊಡ್ಡ ಹಲಗೆ ಬೈಸಿಕೊಂಡ ಮಗುವಿನ ಹಾಗೆ ಸುಮ್ಮನಾಗುತ್ತದೆ. ಅದನ್ನು ಮಾಡುವುದು ಕೈ. ನಿನ್ನ ಟೂ ಟೂ ಟೀ ಅಲ್ಲ.

ನನ್ನ ಹೆಂಡತಿಗೆ ಇದನ್ನೆಲ್ಲ ಬರೆಯಬೇಡ.

ತಮ್ಮ

ಮೇ 6

ಅತ್ತಿಗೆಯವರಿಗೆ ನಮಸ್ಕಾರ.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇವರಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಎರಡು ವಾರದಿಂದ ನಿಮ್ಮ ಹೆಸರು ಎತ್ತಿದರೆ ಎದ್ದು ಹೋಗುತ್ತಾರೆ. ನಿಮ್ಮಿಬ್ಬರ ನಡುವೆ ಏನಾಗಿದೆಯೋ ಕೇಳುವುದಿಲ್ಲ. ಒಂದು ವಿಷಯ ಮಾತ್ರ ಕೇಳುತ್ತೇನೆ.

ಮನೆಯಲ್ಲಿ ಇವರು ಬದಲಾಗಿದ್ದಾರೆ. ಪಕ್ಕದ ಮನೆಯವರ ಜೊತೆ ಇಸ್ಪೀಟು ಬಿಟ್ಟರು, ಬೇಜಾರು ಅನ್ನುತ್ತಾರೆ. ಬೇಜಾರಲ್ಲ, ಇವರ ಎಲೆಗೆ ಎಲ್ಲರೂ ಕಾಯಬೇಕಾಗುತ್ತದೆ. ಒಲೆಯ ಮೇಲೆ ಕುಕ್ಕರ್ ಕೂಗುವಾಗಲೇ ಯಾರಾದರೂ ಬಾಗಿಲು ಬಡಿದರೆ ಎರಡರ ನಡುವೆ ನಿಂತುಬಿಡುತ್ತಾರೆ. ನಾನು ಮಾತಾಡುವಾಗ ಟಿವಿ ಆರಿಸುತ್ತಾರೆ. ಮೊದಲು ಅದನ್ನು ನನ್ನ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಫೋನಂತೂ ಮುಟ್ಟುವುದೇ ಇಲ್ಲ, ನನ್ನ ಕೈಗೆ ಕೊಟ್ಟು ನೀನೇ ಮಾತಾಡು ಅನ್ನುತ್ತಾರೆ.

ನೀವು ಕಳಿಸಿದ ಔಷಧಿ ಹಾಳೆಯನ್ನು ಮಾತ್ರ ಬಿಡದೆ ಮಾಡಿದರು. ಬೆಳಿಗ್ಗೆ, ಸಂಜೆ, ನಾನೇ ಗಡಿಯಾರ ಹಿಡಿದು ಕೂತೆ. ಹಾಳೆ ಮುಗಿದ ಮೇಲೆ ಸ್ನಾನದ ಮನೆಯ ಗೋಡೆಯ ಹಬೆಯ ಮೇಲೆ ಬೆರಳಲ್ಲಿ ಬರೆಯುತ್ತಿದ್ದರು. ಕೊನೆಕೊನೆಗೆ ಮೇಲಿನ ಸಾಲು ನೋಡುವುದೇ ಬೇಡವಾಯಿತು, ಎಲ್ಲ ಬಾಯಿಪಾಠ. ಇಷ್ಟು ಮಾಡಿದ ಮೇಲೆ ತಲೆ ಸರಿಹೋಗಬೇಕಿತ್ತಲ್ಲ ಅತ್ತಿಗೆ, ಯಾಕೆ ಹೋಗಲಿಲ್ಲ?

ಇವರ ಕ್ರೇನಿನ ಕೊಕ್ಕೆಯ ಕೆಳಗೆ ನಿಲ್ಲುವವನು ನನ್ನ ತಮ್ಮ. ನಿಮಗೆ ನಿಮ್ಮ ತಮ್ಮ ಹೇಗೋ ನನಗೆ ನನ್ನ ತಮ್ಮ ಹಾಗೆ. ಅವನ ಹೆಂಡತಿಗೆ ಈಗ ದಿನ ತುಂಬುತ್ತಿದೆ. ಅವನನ್ನು ಕೇಳಿದರೆ, “ಅಕ್ಕಾ, ನಾನಿದ್ದೀನಲ್ಲ, ಭಾವನಿಗೆ ಏನೂ ಆಗಲ್ಲ,” ಅಂತಾನೆ. ನಾನು ಕೇಳಿದ್ದು ಅವನ ಬಗ್ಗೆ, ಅವನು ಹೇಳಿದ್ದು ಇವರ ಬಗ್ಗೆ. ಅದು ಕೇಳಿದ ಮೇಲೆ ಈ ಕಾಗದ ಬರೆಯಲು ಕೂತೆ.

ನಾನು ಹೆದರಬೇಕೋ ಬೇಡವೋ, ಅಷ್ಟು ಹೇಳಿ.

ನಿಮ್ಮ ತಮ್ಮನ ಹೆಂಡತಿ

ಮೇ 10

ತಮ್ಮಾ,

ನೀನು ಉತ್ತರ ಬರೆಯದಿದ್ದರೂ ಇದನ್ನು ಕೊನೆಯವರೆಗೆ ಓದು. ಬೇಕಾದರೆ ಎರಡು ಸಲ ಓದು. ಫೋನ್ ಬಿಟ್ಟು ಕಾಗದ ಯಾಕೆ ಎನ್ನುವುದು ನನಗೆ ಈಗ ಗೊತ್ತಾಗಿದೆ. ನನ್ನ ಬಾಯಿ ಜೋರು ಎಂದು ತಮಾಷೆ ಮಾಡಿದೆ, ನಾನೂ ನಕ್ಕೆ. ಇಪ್ಪತ್ತು ವರ್ಷದಿಂದ ಇಂಥವರನ್ನೇ ನೋಡುತ್ತಿರುವ ನನಗೆ ನನ್ನ ತಮ್ಮನದು ಕಾಣಲಿಲ್ಲ.

ಆ ಪರೀಕ್ಷೆ ಪರೀಕ್ಷೆಯೇ ಆಗಿರಲಿಲ್ಲ. ಹೊಸದನ್ನು ನೋಡಿ, ಹುಡುಕಿ, ಬರೆಯುವ ವೇಗ ಅಳೆಯುವ ಹಾಳೆ ಅದು. ಬಾಯಿಪಾಠ ಮಾಡಿಕೊಂಡವನು ನೋಡುವುದೂ ಇಲ್ಲ, ಹುಡುಕುವುದೂ ಇಲ್ಲ. ಭಯ ಹೋಗಲಿ ಎಂದು ಕಳಿಸಿದೆ. ಆ ಕೋಣೆಯ ಕಪಾಟಿನ ಬೀಗದ ಕೈ ನನ್ನ ಸೊಂಟದಲ್ಲಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ನಿನ್ನ ಕೈಗೆ ಆ ಸರ್ಟಿಫಿಕೇಟು ಕೊಟ್ಟವಳು ನಾನು, ಡಾಕ್ಟರಲ್ಲ.

ಬೇರೆ ಹಾಳೆಗಳಿವೆ, ನೀನು ಕಂಡಿರದವು. ಬಂದು ಮತ್ತೊಮ್ಮೆ ಮಾಡು. ಅದರಲ್ಲೂ ಗೆದ್ದರೆ ನಾನು ಬಂದು ನಿನ್ನ ಕ್ರೇನಿನ ಕೆಳಗೆ ನಿಲ್ಲುತ್ತೇನೆ. ಬರದಿದ್ದರೆ ಡಾಕ್ಟರಿಗೆ ಎಲ್ಲ ಹೇಳುತ್ತೇನೆ. ನನ್ನ ಕೆಲಸ ಹೋದರೂ ಹೋಗಲಿ. ಹಾಗೆಂದು ಬರೆಯುವುದು ಸುಲಭ. ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ.

ಅಕ್ಕ

ಮೇ 17

ಅಕ್ಕಾ,

ಸಿಟ್ಟು ಇಳಿದಿದೆ, ಆದ್ದರಿಂದ ಬರೆಯುತ್ತಿದ್ದೇನೆ. ನೀನು ಬೆದರಿಸಿದ್ದಕ್ಕಲ್ಲ.

ಸರಿ, ಒಪ್ಪುತ್ತೇನೆ, ಸ್ವಲ್ಪ ತಡವಾಗುತ್ತದೆ. ನಿನ್ನೊಬ್ಬಳಿಗೇ ಹೇಳುತ್ತಿರುವುದು. ಮಧ್ಯಾಹ್ನದ ಬಿಸಿಲಿಗೆ ಕ್ಯಾಬಿನ್ನು ಕಾದಾಗ ವಾಕಿಟಾಕಿಯಲ್ಲಿ “ನಿಲ್ಸು” ಎಂದು ಬರುತ್ತದೆ. ಕೇಳಿಸುತ್ತದೆ, ಅರ್ಥವೂ ಆಗುತ್ತದೆ. ಆದರೆ ಕೈ ಆಮೇಲೆ ಹೋಗುತ್ತದೆ. ನಡುವೆ ಒಂದು ಸಣ್ಣ ಖಾಲಿ ಜಾಗ. ಅದರಲ್ಲಿ ನಾನು ಕೂತು ನನ್ನ ಕೈಯನ್ನೇ ನೋಡುತ್ತಿರುತ್ತೇನೆ. ಆಗ ಆಗುವ ಭಯ ನಿನಗೆ ಬರೆದು ತಿಳಿಸಲಾರೆ.

ಆದರೆ ಅದಕ್ಕೆ ನಾವು ದಾರಿ ಕಂಡುಕೊಂಡಿದ್ದೇವೆ. ಮೊದಲ ವಾರವೇ ಸಿಳ್ಳೆಗೆ ಗೊತ್ತಾಯಿತು. ಅವನು ಏನೂ ಕೇಳಲಿಲ್ಲ, ಬೀಡಿ ಹಚ್ಚಿಕೊಂಡು, “ಭಾವ, ಇನ್ಮೇಲೆ ನಾನು ಸ್ವಲ್ಪ ಮುಂಚೆ ಹೇಳ್ತೀನಿ,” ಅಂದ. ಅಂದಿನಿಂದ ಹಲಗೆ ಇನ್ನೂ ಎದೆಯೆತ್ತರದಲ್ಲಿರುವಾಗಲೇ ಅವನು ನಿಲ್ಸು ಅನ್ನುತ್ತಾನೆ, ನಾನು ನಿಲ್ಲಿಸುವಷ್ಟರಲ್ಲಿ ಅದು ಸರಿಯಾದ ಜಾಗಕ್ಕೆ ಬಂದಿರುತ್ತದೆ. ಬೆಳಿಗ್ಗೆ ಕಡಿಮೆ ಮುಂಚೆ, ಮಧ್ಯಾಹ್ನ ಹೆಚ್ಚು ಮುಂಚೆ. ನನ್ನ ತಡ ಎಷ್ಟು ಎನ್ನುವುದು ಅವನ ಬಾಯಿಗೆ ಗೊತ್ತು. ಒಂದು ಸಲವೂ ತಪ್ಪಿಲ್ಲ. ನಿನ್ನ ತಂತಿ ಟೊಪ್ಪಿಗಿಂತ ನಮ್ಮ ಸಿಳ್ಳೆ ವಾಸಿ. ಅವನ ಅಕ್ಕನಿಗೂ ಇದು ತಿಳಿಯದು, ಸೂಪರ್‌ವೈಸರಿಗಂತೂ ಇಲ್ಲವೇ ಇಲ್ಲ.

ಆದ್ದರಿಂದ ನಿನ್ನ ಕೆಲಸಕ್ಕೆ ನೀನೇ ಬೆಂಕಿ ಹಚ್ಚಿಕೊಳ್ಳಬೇಡ. ಬಿಸಿಲು ಇಳಿಯುವವರೆಗೆ ಬಿಡು, ಆಮೇಲೆ ನಾನೇ ಬಂದು ನಿನ್ನ ಹೊಸ ಹಾಳೆ ಮಾಡುತ್ತೇನೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ತಮ್ಮ

ಮೇ 28

ಅತ್ತಿಗೆಯವರಿಗೆ ನಮಸ್ಕಾರ.

ನೀವು ಬರೆದ ಎರಡು ಸಾಲು ತಲುಪಿತು. ಸ್ವಲ್ಪ ದಿನ ಕಾಯೋಣ, ನಾನು ಯೋಚಿಸುತ್ತಿದ್ದೇನೆ ಎಂದಿದ್ದೀರಿ. ನೀವು ಓದಿದವರು, ಕಾಯಬಲ್ಲಿರಿ. ನನಗೆ ರಾತ್ರಿ ಕಣ್ಣು ಮುಚ್ಚಿದರೆ ಕೊಕ್ಕೆ ಕಾಣುತ್ತದೆ. ಅದಕ್ಕೆ ನನಗೆ ತಿಳಿದ ಕೆಲಸ ನಾನು ಮಾಡಿದೆ.

ನನ್ನ ತಮ್ಮನ ಬೆನ್ನು ಬಿದ್ದು ರಜೆ ಹಾಕಿಸಿದ್ದೇನೆ. ಹೆಂಡತಿಯ ಹೆರಿಗೆಗೆ ಜೊತೆಯಲ್ಲಿರದ ಗಂಡಸು ಗಂಡಸೇ ಅಲ್ಲ ಎಂದೆ, ಅತ್ತೆ, ಕರೆದೆ, ಮಾತು ಬಿಟ್ಟೆ. ಭಾವನನ್ನು ಬಿಟ್ಟು ಹೋಗಲಾರೆ ಎಂದು ವಾರಗಟ್ಟಲೆ ಹಟ ಹಿಡಿದ, ಕಾರಣ ಕೇಳಿದರೆ ಹೇಳಲಿಲ್ಲ. ಕೊನೆಗೆ ನಿನ್ನೆ ಒಪ್ಪಿದ. ಸೋಮವಾರದಿಂದ ಒಂದು ತಿಂಗಳು ಅವನು ಯಾರ್ಡಿಗೆ ಹೋಗುವುದಿಲ್ಲ. ಅವನ ಜಾಗಕ್ಕೆ ಪಕ್ಕದ ಶೆಡ್ಡಿನಿಂದ ಹಿರಿಯರೊಬ್ಬರು ಬರುತ್ತಾರಂತೆ, ಈ ಕೆಲಸದಲ್ಲೇ ತಲೆ ನರೆತವರು, ಸಿಗ್ನಲ್ ಕೊಟ್ಟರೆ ಗಡಿಯಾರದ ಹಾಗೆ ಅಂತಾರೆ.

ಇವರು ಈ ಸುದ್ದಿ ಕೇಳಿ ಊಟ ಬಿಟ್ಟು ಎದ್ದರು. ಪಾಪ, ಜೋಡಿ ತಪ್ಪಿತಲ್ಲ ಎಂದು ಬೇಸರ ಇರಬೇಕು. ನನಗಂತೂ ಇವತ್ತು ನೆಮ್ಮದಿ.

ನಿಮ್ಮ ತಮ್ಮನ ಹೆಂಡತಿ

ಜೂನ್ 1, ಸೋಮವಾರ

ತಮ್ಮಾ,

ಈ ಕಾಗದ ನಿನಗೆ ತಲುಪುವ ಹೊತ್ತಿಗೆ ನಿನಗೆ ಎಲ್ಲ ತಿಳಿದಿರುತ್ತದೆ. ಆದರೂ ನನ್ನ ಕೈಯಿಂದಲೇ ಬರೆದದ್ದು ಇರಲಿ.

ನಿನ್ನ ಹೆಂಡತಿಯ ಕಾಗದ ಇವತ್ತು ಬೆಳಿಗ್ಗೆ ಆಸ್ಪತ್ರೆಯ ವಿಳಾಸಕ್ಕೆ ಬಂತು. ಎರಡನೆಯ ಪ್ಯಾರಾ ಎರಡು ಸಲ ಓದಿದೆ. ಸಿಳ್ಳೆ ಇಲ್ಲ. ಮುಂಚೆ ಹೇಳುವವರು ಇಲ್ಲ. ಅವಳಿಗೆ ನಿಮ್ಮ ಗುಟ್ಟು ಗೊತ್ತಿಲ್ಲ, ಆ ಹಿರಿಯರಿಗೆ ನಿನ್ನ ತಡ ಗೊತ್ತಿಲ್ಲ, ಸೂಪರ್‌ವೈಸರಿಗೆ ಏನೂ ಗೊತ್ತಿಲ್ಲ. ಎಲ್ಲ ಗೊತ್ತಿದ್ದವರು ನೀನು ಮತ್ತು ನಾನು. ನೀನು ಇಳಿಯುವವನಲ್ಲ.

ನಿನಗೆ ಮಾಡಿದೆ, ಎತ್ತಲಿಲ್ಲ. ಯಾರ್ಡಿನ ಆಫೀಸಿಗೆ ಮಾಡಿದೆ. ಎರಡು ಸಲ ಯಾರೋ ಹಿಡಿದುಕೊಳ್ಳಿ ಎಂದು ಹೇಳಿ ಮರೆತರು. ಮೂರನೆಯ ಸಲ ಕಿರುಚಿದೆ. ಆಮೇಲೆ ಸೂಪರ್‌ವೈಸರ್ ಬಂದರು. ಏನು ಹೇಳಿದೆ ಎಂದು ಅವರೇ ನಿನಗೆ ಹೇಳುತ್ತಾರೆ. ಫೋನ್ ಇಟ್ಟು ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಹಾಳೆಯ ವಿಷಯ ಪೂರ್ತಿ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಕಪಾಟಿನ ಬೀಗದ ಕೈಗೆ ಕೈ ಚಾಚಿದರು, ಕೊಟ್ಟೆ.

ನೀನು ಮೇ ತಿಂಗಳಲ್ಲೇ ಎಲ್ಲ ಬರೆದಿದ್ದೆ. ನಾನು ಆ ಕಾಗದ ಓದಿ, ಸಿಳ್ಳೆ ಇದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡು ಕೂತೆ. ನನ್ನ ಕೆಲಸ ಉಳಿಯಿತು ಎಂದು ಒಳಗೊಳಗೇ ಖುಷಿಪಟ್ಟೆ. ಅದಕ್ಕಾಗಿ ನನ್ನನ್ನು ಬೈ. ಫೋನ್ ಮಾಡಿದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಿನ್ನ ಅಕ್ಕ

ಜುಲೈ 2

ತಮ್ಮಾ,

ಒಂದು ತಿಂಗಳಾಯಿತು. ಒಂದು ಸಾಲಾದರೂ ಬರೆ. ನಿನ್ನೆ ನೀನು ಹೊಸ ಪರೀಕ್ಷೆಗೆ ಬಂದಾಗ ಕಾರಿಡಾರಿನ ಬೆಂಚಿನ ಮೇಲೆ ನಾನೇ ಕೂತಿದ್ದೆ. ನನ್ನನ್ನು ಈಗ ಹೊರರೋಗಿಗಳ ಹೆಸರು ಬರೆದುಕೊಳ್ಳುವ ಕಿಟಕಿಗೆ ಹಾಕಿದ್ದಾರೆ. ನಿನ್ನ ಹೆಸರನ್ನು ಬೇರೆಯವರ ಕೈಯಲ್ಲಿ ಬರೆಸಿದೆ, ನಿನಗೆ ಮುಜುಗರ ಆಗದಿರಲಿ ಎಂದು.

ಫಲಿತಾಂಶ ಏನು ಬಂತು ಎಂದು ನಾನು ಕೇಳುವ ಹಾಗಿಲ್ಲ. ಹೇಳಿದರೆ ಕೇಳಿಸಿಕೊಳ್ಳುತ್ತೇನೆ.

ಅಕ್ಕ

ಆಗಸ್ಟ್ 19

ಅಕ್ಕಾ,

ಕಾರಿಡಾರಿನಲ್ಲಿ ನಿನ್ನನ್ನು ನೋಡಿದೆ. ನೋಡಿಯೂ ನೋಡದವನ ಹಾಗೆ ಗೋಡೆ ಕಡೆ ತಿರುಗಿ ಹೋದೆ. ನೀನು ಸೊರಗಿದ್ದೀಯ. ಹೊಸ ಹಾಳೆಯಲ್ಲಿ ನಾನು ಮೂರನೆಯ ಸಾಲನ್ನೂ ಮುಗಿಸಲಿಲ್ಲ. ಡಾಕ್ಟರಮ್ಮ ಪೆನ್ಸಿಲನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

ನನಗೆ ಈಗ ಸಲಕರಣೆಯ ಕೋಣೆ ಕೊಟ್ಟಿದ್ದಾರೆ. ಸರಪಣಿ, ಕೊಕ್ಕೆ ಎಣಿಸಿ ಕೊಡುವುದು, ಸಂಜೆ ಎಣಿಸಿ ತೆಗೆದುಕೊಳ್ಳುವುದು. ಯಾರೂ ಅವಸರ ಮಾಡುವುದಿಲ್ಲ. ಮಾಡಿದರೆ ತಡಿ ಅನ್ನುತ್ತೇನೆ. ಸಿಳ್ಳೆಗೆ ಹೆಣ್ಣುಮಗು, ಅವನಿಗೂ ಹತ್ತು ದಿನ ಸಂಬಳವಿಲ್ಲದ ರಜೆ ಕೊಟ್ಟರು, ನಮ್ಮ ಗುಟ್ಟಿಗೆ ದಂಡ. ಅವನು ಮಗು ನೋಡಿಕೊಳ್ಳಲು ಕೊಟ್ಟರು ಎಂದು ಹೇಳಿಕೊಂಡು ತಿರುಗುತ್ತಾನೆ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಮೇಲೆ ಕೂತವನು ಯಾರೇ ಆಗಲಿ, ತಲೆಯೆತ್ತಿ ನೋಡದೆ ಸರಪಣಿ ಎಣಿಸುತ್ತೇನೆ. ಈ ಸಿಟ್ಟು ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಎರಡೂವರೆ ತಿಂಗಳು ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಆ ಸೋಮವಾರದ ವಿಷಯ ಬರೆಯಬೇಕಾಗುತ್ತದಲ್ಲ ಎಂದು.

ಅವತ್ತು ಬೆಳಿಗ್ಗೆ ನಾನು ಹತ್ತಬಾರದಿತ್ತು. ಏಣಿಯ ಬುಡದಲ್ಲಿ ನಿಂತು, ಹಿರಿಯರಿಗೆ ಹೇಳಿಬಿಡೋಣ, ಸ್ವಲ್ಪ ಮುಂಚೆ ಹೇಳಿ ಎಂದು ಕೇಳೋಣ ಎಂದುಕೊಂಡೆ. ಕೇಳಿದರೆ ಯಾಕೆ ಎನ್ನುತ್ತಾರೆ. ನಾಚಿಕೆಯಾಯಿತು. ನಾನೇ ಹುಷಾರಾಗಿರುತ್ತೇನೆ ಎಂದುಕೊಂಡು ಹತ್ತಿದೆ.

ಮೊದಲ ಹೊರೆ ಸಣ್ಣದು, ನಿಧಾನಕ್ಕೆ ಇಳಿಸಿದೆ, ಆಯಿತು. ಎರಡನೆಯದು ಪೈಪುಗಳ ಕಟ್ಟು. ಹಿರಿಯರು ಕಟ್ಟು ಕೂರಿಸುವ ಮರದ ದಿಮ್ಮಿಯ ಪಕ್ಕದಲ್ಲಿ ನಿಂತು ವಾಕಿಟಾಕಿ ಹಿಡಿದಿದ್ದರು. ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು. ಕಟ್ಟು ಅರ್ಧ ಇಳಿದಿರುವಾಗ ಸೂಪರ್‌ವೈಸರ್ ಆಫೀಸಿನ ಬಾಗಿಲಿಂದ ಓಡುತ್ತಾ ಬಂದರು. ಅವರು ಓಡುವುದನ್ನು ನಾನು ಎಂದೂ ನೋಡಿರಲಿಲ್ಲ. ನನ್ನ ಕಡೆ ತಲೆಯೆತ್ತಿ ನೋಡಲಿಲ್ಲ, ನೇರ ಹಿರಿಯರ ಬಳಿ ಹೋಗಿ ತೋಳು ಹಿಡಿದು ಎಳೆದರು. ಹಿರಿಯರು ಬೈದುಕೊಂಡು, ಹಿಂದೆ ತಿರುಗಿ ನೋಡುತ್ತಾ, ಹೋಗುತ್ತಲೇ ವಾಕಿಟಾಕಿಯಲ್ಲಿ “ನಿಲ್ಸು” ಅಂದರು. ಎಲ್ಲರೂ ಹೇಳುವ ಹೊತ್ತಿಗೆ, ಸರಿಯಾದ ಹೊತ್ತಿಗೇ ಹೇಳಿದರು.

ಕೇಳಿಸಿತು. ಅರ್ಥವಾಯಿತು. ಕೈ ಹೋಗಲಿಲ್ಲ.

ಕೈ ಹೋಗುವಷ್ಟರಲ್ಲಿ ಕಟ್ಟಿನ ತುದಿ ದಿಮ್ಮಿಯ ಪಕ್ಕದ ನೆಲಕ್ಕೆ ಬಡಿದಿತ್ತು. ಅವರು ನಿಂತಿದ್ದ ಜಾಗಕ್ಕೆ. ಅವರ ಚಹಾದ ಲೋಟ ಅಲ್ಲೇ ಇತ್ತು, ಅದು ಚಪ್ಪಟೆಯಾಯಿತು. ಅವರಿಬ್ಬರೂ ಬೆನ್ನು ಹಾಕಿ ವಾದ ಮಾಡುತ್ತಿದ್ದರು. ಕಟ್ಟು ನೆಲಕ್ಕೆ ಬರಬೇಕಾದದ್ದೇ ಅಲ್ಲವೇ, ಸದ್ದಿಗೆ ಯಾರೂ ತಿರುಗಲೂ ಇಲ್ಲ. ಆಮೇಲೆ ಸೂಪರ್‌ವೈಸರ್ ನನ್ನನ್ನು ಇಳಿಯಲು ಹೇಳಿದರು.

ಇಳಿದ ಮೇಲೆ ಕೇಳಿದೆ, ನನ್ನನ್ನು ಬಿಟ್ಟು ಅವರ ಹತ್ತಿರ ಯಾಕೆ ಓಡಿದಿರಿ ಎಂದು. ಫೋನಿನಲ್ಲಿ ಒಬ್ಬ ಹೆಂಗಸು ಹೆಸರು ಕೂಡ ಹೇಳದೆ ಮೊದಲು ಅದನ್ನೇ ಕಿರುಚಿದಳಂತೆ: “ಅವನನ್ನ ಕರೀಬೇಡಿ, ಕರೆದ್ರೆ ಅವನಿಗೆ ಎರಡು ಮಾತು ಒಟ್ಟಿಗೆ ಆಗುತ್ತೆ. ಮೊದಲು ಕೆಳಗಿರೋರನ್ನ ತೆಗೀರಿ.”

ಇದನ್ನು ನಾನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಇಲ್ಲ. ಆ ಹಿರಿಯರು ದಿನಾ ಮಧ್ಯಾಹ್ನ ಸಲಕರಣೆ ಕೋಣೆಗೆ ಬಂದು ನನ್ನ ಪಕ್ಕದಲ್ಲೇ ಕೂತು ಊಟ ಮಾಡುತ್ತಾರೆ. ಮುಂದಿನ ವರ್ಷ ನಿವೃತ್ತಿಯಂತೆ, ಮೊಮ್ಮಕ್ಕಳ ಫೋಟೋ ತೋರಿಸುತ್ತಾರೆ. “ನನ್ನ ಲೋಟ ಯಾವನೋ ಕದ್ದ,” ಎಂದು ಇವತ್ತೂ ಬೈದರು. ಅವರಿಗೆ ಏನೂ ಗೊತ್ತಿಲ್ಲ. ನಿನಗೆ ಗೊತ್ತಿರಬೇಕು ಎಂದು ಬರೆದೆ.

ನಿನ್ನ ತಮ್ಮ